ತೋಳಿನ ನಳಿಕೆ: ಕರ್ಕರೋಗ ಚಿಕಿತ್ಸೆಯಲ್ಲಿ ಮನೆಯವರ ಪಾಲು

'ಕರ್ಕ'ವೆಂದರೆ ಏಡಿ. ಸುತ್ತಲೂ ಕಾಲು ಚಾಚಿ ಬಿಗಿಯಾಗಿ ಹಿಡಿದುಕೊಳ್ಳುವ ಆ ಜಂತುವಿನ ಹೆಸರನ್ನೇ ಪ್ರಾಚೀನ ಗ್ರೀಕ್ ವೈದ್ಯರು ಈ ರೋಗಕ್ಕೆ ಇಟ್ಟರು. ಅದೇ ಅರ್ಥದ ಲ್ಯಾಟಿನ್ ಪದ 'ಕ್ಯಾನ್ಸರ್' ಲೋಕದಲ್ಲೆಲ್ಲ ಹರಡಿತು. ಕನ್ನಡದ 'ಕರ್ಕರೋಗ'ವೂ ಅದೇ ಜಾಡಿನದು. ಭಾರತೀಯ ವೈದ್ಯಗ್ರಂಥವಾದ ಸುಶ್ರುತಸಂಹಿತೆಯು ಗಡ್ಡೆಯ ರೂಪದ ವ್ಯಾಧಿಯನ್ನು 'ಅರ್ಬುದ'ವೆಂದು ಕರೆದಿದೆ. ಹೀಗೆ ಹೆಸರೂ ಹಳೆಯದು, ಹೆಸರಿನೊಂದಿಗೆ ಬಂದ ಭಯವೂ ಹಳೆಯದು. ಆದರೆ ಚಿಕಿತ್ಸೆಯು ಹೊಸದು. ಅದರ ಉಪಕರಣಗಳು ಇನ್ನೂ ಹೊಸವು. ಅಂತಹ ಉಪಕರಣಗಳಲ್ಲಿ ಒಂದು, ವೈದ್ಯರು 'ಪಿಕ್ ಲೈನ್' ಎಂದು ಕರೆಯುವ ತೆಳ್ಳನೆಯ ನಳಿಕೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ರೋಗಿಗಳು ಈ ಚಿಕಿತ್ಸೆಗಾಗಿ ಬಹುಮಟ್ಟಿಗೆ ಊರು ಬಿಟ್ಟು ಹೋಗಬೇಕಾಗುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಹಾಗೂ ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಶಿಗ್ಗಾಂವಿಯು ಹೆದ್ದಾರಿಯ ಮೇಲಿರುವುದರಿಂದ ಅಲ್ಲಿಯವರಿಗೆ ಹುಬ್ಬಳ್ಳಿಯ ದಾರಿ ಸುಗಮ. ಹಿರೇಕೆರೂರಿನವರಿಗೆ ಅದೇ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಮಿಗಿಲು. ಔಷಧ ಕೊಡಿಸಿಕೊಂಡು ರೋಗಿ ಊರಿಗೆ ಮರಳುವಾಗ ಆತನ ತೋಳಿನಲ್ಲಿ ನಳಿಕೆಯೊಂದು ಇರುತ್ತದೆ. ಅದನ್ನು ಇಡುವುದು ವೈದ್ಯರ ಅರ್ಧ ಗಂಟೆಯ ಕೆಲಸ. ಕಾಪಾಡುವುದು ಮನೆಯವರ ಹಲವು ತಿಂಗಳ ಕೆಲಸ. ಈ ಎರಡನೆಯ ಕೆಲಸವನ್ನು ಕುರಿತು ತಿಳಿವಳಿಕೆ ಹಬ್ಬಿದಷ್ಟೂ ಪ್ರಾಣಗಳು ಉಳಿಯುತ್ತವೆ.

ನಳಿಕೆಯ ಅಗತ್ಯವೇನು?

ಶಸ್ತ್ರಕ್ರಿಯೆ, ವಿಕಿರಣ, ಔಷಧ ಇವು ಕರ್ಕರೋಗ ಚಿಕಿತ್ಸೆಯ ಮೂರು ಪ್ರಧಾನ ಮಾರ್ಗಗಳು. ಔಷಧದ ಮಾರ್ಗಕ್ಕೆ ಕಿಮೊಥೆರಪಿ ಎಂದು ಹೆಸರು. ಈ ಮಾರ್ಗದ ಆರಂಭದಲ್ಲಿ ಭಾರತೀಯನೊಬ್ಬನ ಪಾಲು ಉಂಟೆಂಬುದು ಹೆಮ್ಮೆಯ ಸಂಗತಿ. ಆಂಧ್ರದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಅಮೈನೊಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕರ್ಕರೋಗವಿದ್ದ ಮಕ್ಕಳಿಗೆ ಕೊಟ್ಟು, ರೋಗವು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟುವುದನ್ನು 1948ರಲ್ಲಿ ಲೋಕಕ್ಕೆ ತಿಳಿಸಿದನು. ಅಂದಿನಿಂದ ಇಂದಿನವರೆಗೆ ಔಷಧಗಳು ಬಹಳವಾಗಿ ಬೆಳೆದಿವೆ.

ಇವುಗಳಲ್ಲಿ ಕೆಲವು ಅತಿ ತೀಕ್ಷ್ಣ. ಮನೆಯಂಗಳದಲ್ಲಿ ಬೆಳೆದು ಪೂಜೆಗೂ ಸಲ್ಲುವ ಸದಾಪುಷ್ಪ ಅಥವಾ ಕಾಶಿಕಣಗಿಲೆಯ ಗಿಡದಿಂದ ವಿಂಕ್ರಿಸ್ಟಿನ್ ಎಂಬ ಔಷಧ ಬಂದಿದೆ. ಗಿಡ ಸೌಮ್ಯವಾಗಿ ಕಂಡರೂ ಅದರಿಂದ ತೆಗೆದ ಸಾರ ಅಳತೆ ತಪ್ಪಿದರೆ ವಿಷ. ಆದಕಾರಣ ಎಲೆಯನ್ನು ಅರೆದು ಕುಡಿಸುವ ಸಾಹಸಕ್ಕೆ ಯಾರೂ ಹೋಗತಕ್ಕದ್ದಲ್ಲ. ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಔಷಧ ಕೆಂಪು ಬಣ್ಣದ್ದು. ಇಂತಹವು ಜನ 'ನರ'ವೆಂದು ಕರೆಯುವ ಕೈಯ ಸಣ್ಣ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆಯುವಷ್ಟು ಹುಣ್ಣಾಗಬಹುದು. ಸೋರದಿದ್ದರೂ ಎರಡು ಮೂರು ವಾರಗಳಿಗೊಮ್ಮೆ ಚುಚ್ಚಿಸಿಕೊಂಡ ನಾಳಗಳು ಕ್ರಮೇಣ ಗಡುಸಾಗಿ, ಸೂಜಿ ಹಾಕಲು ಜಾಗವೇ ಸಿಗದಂತಾಗುತ್ತದೆ. ಕೆಲವು ಔಷಧಗಳನ್ನು 46 ತಾಸುಗಳವರೆಗೆ ತೊಟ್ಟುತೊಟ್ಟಾಗಿ ಬಿಡಬೇಕಾಗುತ್ತದೆ.

ಹೃದಯದ ಸಮೀಪದ ದೊಡ್ಡ ನಾಳದಲ್ಲಿ ರಕ್ತದ ಪ್ರವಾಹ ಅಧಿಕ. ಅಲ್ಲಿ ಬಿದ್ದ ಔಷಧವು ಕ್ಷಣದಲ್ಲಿ ತಿಳಿಯಾಗಿ ಶರೀರದಲ್ಲೆಲ್ಲ ಸೇರಿಕೊಳ್ಳುತ್ತದೆ. ಕಾಲುವೆಯ ಬಾಯಲ್ಲಿ ಸುರಿದ ಗೊಬ್ಬರದ ನೀರು ಹೊಲಕ್ಕೆಲ್ಲ ಸಮನಾಗಿ ಹಂಚಿಹೋಗುವಂತೆ ಇದು. ತೋಳಿನಿಂದ ಆ ದೊಡ್ಡ ನಾಳದವರೆಗೆ ಔಷಧವನ್ನು ಒಯ್ಯುವ ವಾಹಿನಿಯೇ ಪಿಕ್ ನಳಿಕೆ.

ಅದರ ಪೂರ್ವಕಥೆ

ತೋಳಿನಿಂದ ಹೃದಯಕ್ಕೆ ನಳಿಕೆ ಕಳಿಸಬಹುದೆಂದು 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ದೇಹದ ಮೇಲೆಯೇ ಪ್ರಯೋಗಿಸಿ ತೋರಿಸಿದನು. ಮೂತ್ರನಾಳಕ್ಕೆಂದು ಮಾಡಿದ್ದ ಸುಮಾರು 65 ಸೆಂಟಿಮೀಟರ್ ಉದ್ದದ ನಳಿಕೆಯನ್ನು ತನ್ನ ಎಡದೋಳಿನ ನಾಳದಲ್ಲಿ ತೂರಿಸಿಕೊಂಡು, ಮೆಟ್ಟಿಲಿಳಿದು ಕ್ಷಕಿರಣದ ಕೋಣೆಗೆ ನಡೆದು, ಅದರ ತುದಿ ಹೃದಯವನ್ನು ಮುಟ್ಟಿದ ಚಿತ್ರವನ್ನು ತೆಗೆಸಿದನು. ಮೇಲಿನವರ ಅಸಮಾಧಾನ ಆತನಿಗೆ ದೊರೆತ ಮೊದಲ ಬಹುಮಾನ. 1956ರಲ್ಲಿ ಇನ್ನಿಬ್ಬರು ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕ ಬಂದಿತು. 1970ರ ದಶಕದಲ್ಲಿ ಸಿಲಿಕೋನಿನ ಮೃದುವಾದ ನಳಿಕೆಗಳು ಬಂದ ಮೇಲೆ, ಅವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತೋಳಿನಲ್ಲಿ ಉಳಿಸುವುದು ಸಾಧ್ಯವಾಯಿತು.

ಇಡುವ ವಿಧಾನ

ಸಾಮಾನ್ಯವಾಗಿ ಮೊಣಕೈಗಿಂತ ಮೇಲೆ, ತೋಳಿನ ಒಳಮಗ್ಗುಲಿನ ನಾಳವನ್ನು ಆರಿಸಿಕೊಳ್ಳುತ್ತಾರೆ. ಧ್ವನಿತರಂಗದ ಯಂತ್ರದಿಂದ ನಾಳವನ್ನು ಕಂಡು, ಆ ಜಾಗವನ್ನಷ್ಟೇ ಮರಗಟ್ಟಿಸಿ, ಸೂಜಿಯ ದಾರಿಯಿಂದ ನಳಿಕೆಯನ್ನು ಮೆಲ್ಲನೆ ಒಳಗೆ ಸರಿಸುತ್ತಾರೆ. ಅದು ತೋಳು, ಕಂಕುಳು, ಕೊರಳೆಲುಬಿನ ಕೆಳಗಿನ ದಾರಿಯಲ್ಲಿ ಸಾಗಿ, ಹೃದಯದ ಬಲಗಡೆಯ ಮೇಲಿನ ಕೋಣೆಯನ್ನು ಸೇರುವ ಮಹಾನಾಳದ ಕೆಳತುದಿಯಲ್ಲಿ ನಿಲ್ಲುತ್ತದೆ. ತುದಿಯು ಸರಿಯಾದ ಸ್ಥಳದಲ್ಲಿದೆಯೆಂದು ಕ್ಷಕಿರಣದಿಂದಲೋ ಹೃದಯದ ವಿದ್ಯುತ್ ಆಲೇಖದಿಂದಲೋ ಖಚಿತವಾದ ಮೇಲೆಯೇ ಔಷಧ ಬಿಡುವುದು. ಹೊರಗೆ ಉಳಿಯುವುದು ಕೆಲವೇ ಅಂಗುಲ. ಅದರ ಬಾಯಿಗೆ ಬಿರಡೆ, ಮೇಲೆ ಪಾರದರ್ಶಕವಾದ ಅಂಟುಪಟ್ಟಿ.

ಎಲ್ಲರಿಗೂ ಇದೇ ಒಪ್ಪುವುದಿಲ್ಲ. ಸ್ತನದ ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ಗಂಟುಗಳನ್ನು ತೆಗೆಸಿಕೊಂಡವರಿಗೆ ಆ ಮಗ್ಗುಲಿನ ತೋಳನ್ನು ಬಿಡುತ್ತಾರೆ. ಮೂತ್ರಪಿಂಡದ ತೀವ್ರ ರೋಗವುಳ್ಳವರ ತೋಳಿನ ನಾಳಗಳನ್ನು ಮುಂದಿನ ಡಯಾಲಿಸಿಸ್‌ಗೆ ಕಾಯ್ದಿಡಬೇಕಾದುದರಿಂದ ಬೇರೆ ಮಾರ್ಗ ಹುಡುಕುತ್ತಾರೆ. ಕೆಲವರಿಗೆ ಎದೆಯ ಚರ್ಮದ ಕೆಳಗೆ ಹುದುಗಿಸುವ 'ಪೋರ್ಟ್' ಎಂಬ ಸಾಧನವೇ ಅನುಕೂಲ. ಎದೆಯ ಮೇಲೆ ಇಷ್ಟಲಿಂಗದ ಕರಡಿಗೆಯನ್ನು ಧರಿಸುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳುವುದು ಲೇಸು. ಕರಡಿಗೆಯೂ ಶಿವದಾರವೂ ಉಜ್ಜದಂತಹ ಸ್ಥಳವನ್ನು ಅವರು ಆಗ ನೋಡಿಕೊಳ್ಳಬಹುದು. ತೋಳಿನ ನಳಿಕೆಗಾದರೋ ಲಿಂಗಧಾರಣೆಯಿಂದ ಯಾವ ಅಡ್ಡಿಯೂ ಇಲ್ಲ.

ವಾರದ ಕಾಯಕ

ಚರ್ಮವು ಶರೀರಕ್ಕೆ ಕೋಟೆಯ ಗೋಡೆಯಂತೆ. ನಳಿಕೆಯು ಆ ಗೋಡೆಯಲ್ಲಿ ತೆರೆದ ಒಂದು ಬಾಗಿಲು. ಔಷಧ ಹೋಗುವ ಅದೇ ಬಾಗಿಲಿನಿಂದ ಕ್ರಿಮಿಯೂ ಹೋಗಬಲ್ಲದು. ಹೋದರೆ ನೇರವಾಗಿ ರಕ್ತವನ್ನೇ ಸೇರುತ್ತದೆ. ಆದಕಾರಣ ಆರೈಕೆಯ ನಿಯಮಗಳೆಲ್ಲ ಶುಚಿತ್ವದಿಂದ ಆರಂಭವಾಗುತ್ತವೆ.

ಪಾರದರ್ಶಕ ಪಟ್ಟಿಯನ್ನು ಏಳು ದಿನಗಳಿಗೊಮ್ಮೆ ಬದಲಿಸಬೇಕು. ಅರಿವೆಯ ಪಟ್ಟಿಯಾದರೆ ಎರಡು ದಿನಗಳಿಗೊಮ್ಮೆ. ಒದ್ದೆಯಾದರೆ, ಅಂಚು ಎದ್ದರೆ, ಕೊಳೆಯಾದರೆ ದಿನಗಳನ್ನು ಎಣಿಸದೆ ಕೂಡಲೇ ಬದಲಿಸಬೇಕು. ನಳಿಕೆಯನ್ನು ಬಳಸದ ವಾರದಲ್ಲಿಯೂ ಆಸ್ಪತ್ರೆಯವರು ಹೇಳಿದ ಕ್ರಮದಂತೆ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಶುದ್ಧವಾದ ಲವಣದ್ರಾವಣ ಅಂದರೆ ಸಲೈನ್ ಹಾಯಿಸಿ ತೊಳೆಯಬೇಕು. ಇಲ್ಲವಾದರೆ ಒಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇದಕ್ಕೆ 10 ಮಿಲಿಲೀಟರಿನ ಸಿರಿಂಜನ್ನೇ ಬಳಸುವರು. ಸಿರಿಂಜು ಸಣ್ಣದಾದಷ್ಟೂ ಒತ್ತಡ ಹೆಚ್ಚಿ ನಳಿಕೆ ಸೀಳುವ ಭಯವಿದೆ. ಒಂದೇ ಸಮನೆ ತಳ್ಳದೆ, ತಳ್ಳಿ ನಿಲ್ಲಿಸಿ, ತಳ್ಳಿ ನಿಲ್ಲಿಸಿ ಹಾಯಿಸಿದರೆ ಒಳಗೋಡೆ ಚೆನ್ನಾಗಿ ತೊಳೆಯುತ್ತದೆ. ತಡೆ ಕಂಡರೆ ಬಲವಂತ ಮಾಡತಕ್ಕದ್ದಲ್ಲ.

ಈ ಕೆಲಸ ತರಬೇತಿ ಪಡೆದವರದು. ಆಸ್ಪತ್ರೆಯ ದಾದಿಯು ಮನೆಯವರಲ್ಲೊಬ್ಬರಿಗೆ ಕೈಹಿಡಿದು ಕಲಿಸಿ, ಅವರು ಮಾಡುವುದನ್ನು ಕಣ್ಣಾರೆ ನೋಡಿ ಒಪ್ಪಿದ್ದರೆ ಅವರು ಮಾಡಬಹುದು. ಇಲ್ಲವಾದರೆ ಕಲಿತ ದಾದಿಯೇ ಮಾಡಬೇಕು. ಆ ತೋಳಿನಲ್ಲಿ ರಕ್ತದ ಒತ್ತಡ ಅಳೆಯಬಾರದು, ಸೂಜಿ ಚುಚ್ಚಬಾರದು. ಸಿದ್ಧವಾಗಿರುವ ನಳಿಕೆಯೆಂದು ಅದರಲ್ಲಿ ಗ್ಲೂಕೋಸ್ ಏರಿಸಲು ಅರಿಯದವರಿಗೆ ಎಡೆಗೊಡಬಾರದು. ಬಿರಡೆ ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು ಎಷ್ಟು ಸಣ್ಣ ಕ್ರಿಯೆಯೋ ಅಷ್ಟೇ ದೊಡ್ಡ ರಕ್ಷಣೆ.

ಸ್ನಾನ, ಪೂಜೆ, ವಿಭೂತಿ

ಸ್ನಾನವನ್ನು ಬಿಡಬೇಕಾದುದಿಲ್ಲ. ತೋಳಿಗೆ ನೀರು ಹೋಗದಂತೆ ಪ್ಲಾಸ್ಟಿಕ್ಕಿನ ಹೊದಿಕೆ ಸುತ್ತಿ, ಆ ತೋಳನ್ನು ಬದಿಗೆ ಚಾಚಿ ಮೀಯಬಹುದು. ಕೆರೆ, ಹೊಳೆ, ಬಾವಿಗಳಲ್ಲಿ ಮುಳುಗುವುದು ಮಾತ್ರ ಸರ್ವಥಾ ವರ್ಜ್ಯ.

ನಿತ್ಯ ಲಿಂಗಪೂಜೆಯ ಭಕ್ತರಲ್ಲಿ ಒಂದು ಸಂದೇಹ ಸಹಜವಾಗಿ ಏಳುತ್ತದೆ: ತೋಳಿನಲ್ಲಿ ನಳಿಕೆಯಿರುವಾಗ ಕರಸ್ಥಲದಲ್ಲಿ ಲಿಂಗವನ್ನಿರಿಸಿ ಅರ್ಚಿಸಬಹುದೆ? ಅವಶ್ಯವಾಗಿ ಅರ್ಚಿಸಬಹುದು. ನಳಿಕೆಯಿರುವುದು ಮೊಣಕೈಯ ಮೇಲೆ. ಅಂಗೈಯೂ ಮುಂಗೈಯೂ ಮುಕ್ತವಾಗಿವೆ. ನಳಿಕೆ ಎಡದೋಳಿನಲ್ಲಿದ್ದರೆ ಮಜ್ಜನದ ನೀರು ಮುಂಗೈಯಿಂದ ಮೊಣಕೈಯತ್ತ ಹರಿಯದಂತೆ ಅಂಗೈಯನ್ನು ಮೊಣಕೈಗಿಂತ ತಗ್ಗಿಸಿ ಹಿಡಿದು, ನೀರನ್ನು ಮಿತವಾಗಿ ಬಳಸಿ, ಕೆಳಗೆ ಬಟ್ಟಲಿಟ್ಟುಕೊಂಡರೆ ಸಾಕು. ಔಷಧದ ದಿನಗಳಲ್ಲಿ ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಪಾದೋದಕಕ್ಕೆ ಕುದಿಸಿ ಆರಿಸಿದ ನೀರನ್ನೇ ಉಪಯೋಗಿಸುವುದು ಯುಕ್ತ. ಹಸಿಯ ಹಾಲು ಸೇವನೆಗೆ ಬೇಡ.

ವಿಭೂತಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ತೋಳುಗಳಿಗೂ ಮೊಣಕೈಗಳಿಗೂ ಧರಿಸುವ ಸಂಪ್ರದಾಯವುಳ್ಳವರು ನಳಿಕೆಯಿರುವ ತೋಳನ್ನು ಆ ಅವಧಿಯಲ್ಲಿ ಬಿಟ್ಟು, ಹಣೆಯಲ್ಲಿ ಧರಿಸಿ ತೃಪ್ತರಾಗಬೇಕು. ಶಿವಯೋಗಮಂದಿರದಲ್ಲಿ ಶಾಸ್ತ್ರೋಕ್ತವಾಗಿ ಸಿದ್ಧವಾದ ವಿಭೂತಿಯೇ ಆದರೂ ಅದು ಭಸ್ಮದ ಹುಡಿ. ಭಕ್ತಿಯ ದೃಷ್ಟಿಯಲ್ಲಿ ಅದು ಪರಮಪವಿತ್ರ. ನಳಿಕೆಯ ಬಾಯಿಗೆ ಹೊರಗಿನ ವಸ್ತು. ಅರಿಷಿಣ, ಎಣ್ಣೆ, ಎಲೆಯ ರಸ ಯಾವುದನ್ನೂ ಗಾಯಕ್ಕೆ ಒಳ್ಳೆಯದೆಂದು ಅಲ್ಲಿ ಹಚ್ಚಕೂಡದು. ಹರಕೆಯ ದಾರವನ್ನು ಮತ್ತೊಂದು ಕೈಗೆ ಕಟ್ಟಬಹುದು. ಜಾತ್ರೆ, ರಥೋತ್ಸವಗಳ ಜನಸಂದಣಿಯನ್ನು ಬಿಳಿಯ ರಕ್ತಕಣಗಳು ಇಳಿದಿರುವ ದಿನಗಳಲ್ಲಿ ತಪ್ಪಿಸಿದರೆ ಭಕ್ತಿಗೆ ಕೊರತೆಯೇನೂ ಬಾರದು.

ಹೊಲಮನೆಯ ಕೆಲಸ

ತೋಳನ್ನು ಕಟ್ಟಿಹಾಕಿದಂತೆ ಅಲುಗಿಸದಿರುವುದೂ ತಪ್ಪು, ಹಿಂದಿನಂತೆ ದುಡಿಯುವುದೂ ತಪ್ಪು. ಅಲುಗಿಸದಿದ್ದರೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆದುದರಿಂದ ಬೆರಳು ಮಡಿಸಿ ಬಿಚ್ಚುವುದು, ಮೊಣಕೈ ಆಡಿಸುವುದು, ಬರೆಯುವುದು, ಉಣ್ಣುವುದು, ತಲೆ ಬಾಚಿಕೊಳ್ಳುವುದು ಎಲ್ಲವೂ ನಡೆಯಲಿ. ವೈದ್ಯರ ನಿಷೇಧವಿಲ್ಲದಿದ್ದರೆ ನೀರನ್ನು ಧಾರಾಳವಾಗಿ ಕುಡಿಯಲಿ.

ತುಂಬಿದ ಕೊಡ ಎತ್ತುವುದು, ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆ ಹೊರುವುದು, ಹಾನಗಲ್ಲ ಸೀಮೆಯ ಭತ್ತದ ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವುದು, ಹಿರೇಕೆರೂರು ಸೀಮೆಯ ಗೋವಿನಜೋಳದ ರಾಶಿಯ ಧೂಳಿನಲ್ಲಿ ನಿಲ್ಲುವುದು, ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ಕೈ ಮೇಲೆತ್ತಿ ದಿನವಿಡೀ ಎಲೆ ಕೊಯ್ಯುವುದು, ದನದ ಕೊಟ್ಟಿಗೆಯ ಸಗಣಿ ಬಾಚುವುದು, ಔಷಧ ಸಿಂಪಡಿಸುವುದು ಇವೆಲ್ಲ ಬೇರೆಯವರ ಪಾಲಿಗೆ ಬರಬೇಕು. ಗೃಹಿಣಿಯರಿಗೆ ಬಿಡಲು ಕಷ್ಟವಾಗುವ ಇನ್ನೊಂದು ಕೆಲಸವೆಂದರೆ ರೊಟ್ಟಿ ಬಡಿಯುವುದು. ಒಂದೇ ತೆರನಾಗಿ ತೋಳನ್ನು ಮತ್ತೆ ಮತ್ತೆ ಬಡಿಯುವ ಆ ಚಲನೆಯಿಂದ ನಳಿಕೆ ನಾಳದ ಒಳಗೆ ಉಜ್ಜಬಹುದು; ಒಲೆಯ ಮುಂದಿನ ಬೆವರಿನಿಂದ ಪಟ್ಟಿಯ ಅಂಟು ಬಿಡುತ್ತದೆ. ಮನೆತುಂಬ ಜನರಿಗೆ ರೊಟ್ಟಿ ಬಡಿದೇ ಬಾಳಿದ ತಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕೂರಿಸುವುದು ಸೊಸೆಯಂದಿರ, ಮಕ್ಕಳ, ಗಂಡನ ಕರ್ತವ್ಯ. ಆಕೆ ತಾನಾಗಿ ಕೇಳಲಾರಳು.

ಬಿಗಿಯಾದ ಕುಪ್ಪಸದ ತೋಳನ್ನು ಸಡಿಲವಾಗಿ ಹೊಲಿಸಬೇಕು, ತೋಳುಬಂದಿ ತೆಗೆದಿಡಬೇಕು. ತೊಡುವಾಗ ನಳಿಕೆಯಿರುವ ತೋಳು ಮೊದಲು, ಕಳಚುವಾಗ ಅದು ಕೊನೆಗೆ. ಎಳೆಯ ಕೂಸುಗಳನ್ನು ಮತ್ತೊಂದು ಮಗ್ಗುಲಲ್ಲಿ ಎತ್ತಿಕೊಳ್ಳಬೇಕು. ಕೂಸಿನ ಕೈಗೆ ಸಿಕ್ಕಿದುದೆಲ್ಲ ಎಳೆಯುವ ವಸ್ತುವೇ.

ಬೆಳಗಾಗುವವರೆಗೆ ಕಾಯಲಾಗದ ಲಕ್ಷಣಗಳು

ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಅದು ಜ್ವರದ ಮಾತಾಗಿರಲಿ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿ. ಔಷಧ ಕೊಡಿಸಿಕೊಂಡು ಬಂದು ಒಂಬತ್ತು ದಿನಗಳಾಗಿವೆ. ರಾತ್ರಿ ಹತ್ತು ಗಂಟೆಗೆ ರೋಗಿಗೆ ಚಳಿ ಬಂದು ಮೈ ಬಿಸಿಯಾಗಿದೆ ಎಂದಿಟ್ಟುಕೊಳ್ಳೋಣ. ಮನೆಯವರು ರೂಢಿಯಂತೆ ಜ್ವರದ ಗುಳಿಗೆ ಕೊಟ್ಟು ಕಂಬಳಿ ಹೊದಿಸಿ, ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋದರಾಯಿತೆಂದು ಮಲಗುತ್ತಾರೆ. ಗುಳಿಗೆಯಿಂದ ಮೈ ತಣ್ಣಗಾಗುತ್ತದೆ. ರಕ್ತದಲ್ಲಿಯ ಕ್ರಿಮಿಗಳು ಮಾತ್ರ ಬೆಳೆಯುತ್ತಲೇ ಇರುತ್ತವೆ. ಔಷಧದ ಅನಂತರದ ಸುಮಾರು ಏಳರಿಂದ ಹದಿನಾಲ್ಕು ದಿನಗಳಲ್ಲಿ ಶರೀರದ ಸೈನಿಕರಂತಿರುವ ಬಿಳಿಯ ರಕ್ತಕಣಗಳು ಅತಿ ಕಡಿಮೆಯಾಗಿರುತ್ತವೆ. ಆಗ ಕೆಲವೇ ತಾಸುಗಳಲ್ಲಿ ರಕ್ತದ ಒತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಬೇಕಾದುದು ಆಸ್ಪತ್ರೆಯಲ್ಲಿ ರಕ್ತದ ಪರೀಕ್ಷೆ ಮತ್ತು ನಾಳದ ಮೂಲಕ ಪ್ರತಿಜೀವಕ ಔಷಧ. ಆಸ್ಪತ್ರೆ ತಲುಪಿದ ಒಂದು ತಾಸಿನೊಳಗೆ ಅದು ಆರಂಭವಾಗಬೇಕೆಂಬುದು ವೈದ್ಯರ ನಿಯಮ.

ಆದುದರಿಂದ ಥರ್ಮಾಮೀಟರ್ ಮನೆಯಲ್ಲಿರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಮಿಗಿಲಾದರೆ, ಇಲ್ಲವೆ ಜ್ವರವಿಲ್ಲದೆಯೂ ಮೈ ನಡುಗುವ ಚಳಿ ಬಂದರೆ, ರಾತ್ರಿಯಾಗಲಿ ಹಬ್ಬವಾಗಲಿ ಕೂಡಲೇ ಹೊರಡಬೇಕು. ನಳಿಕೆಗೆ ಸಲೈನ್ ಹಾಯಿಸಿದ ಕೆಲಹೊತ್ತಿನಲ್ಲಿಯೇ ಚಳಿ ಬಂದರೆ ನಳಿಕೆಯೊಳಗೇ ಸೋಂಕು ಸೇರಿರುವ ಶಂಕೆ ಬಲವಾಗುತ್ತದೆ. ಮೊದಲು ಚಿಕಿತ್ಸೆಯ ಆಸ್ಪತ್ರೆಗೆ ಫೋನ್ ಮಾಡಿ, ಅದು ದೂರವಾದರೆ ಅವರು ಹೇಳಿದ ಸಮೀಪದ ದೊಡ್ಡ ಆಸ್ಪತ್ರೆಗೆ ಸಾಗಬೇಕು. ವಾಹನವಿಲ್ಲದವರಿಗೆ 108 ಉಂಟು. ಅಲ್ಲಿ ಹೇಳಬೇಕಾದ ಮೊದಲ ವಾಕ್ಯ: "ಕಿಮೊಥೆರಪಿ ನಡೆದಿದೆ, ತೋಳಿನಲ್ಲಿ ನಳಿಕೆಯಿದೆ, ಜ್ವರ ಬಂದಿದೆ."

ಇನ್ನುಳಿದ ಲಕ್ಷಣಗಳೂ ತಿಳಿದಿರಲಿ. ನಳಿಕೆಯ ಬಾಯಲ್ಲಿ ಕೆಂಪು, ನೋವು, ಕೀವು ಕಂಡರೆ ಸೋಂಕು. ತೋಳು, ಕೊರಳು ಬಾತುಕೊಂಡರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಬಾರದು, ಅದೇ ದಿನ ವೈದ್ಯರನ್ನು ಕಾಣಬೇಕು. ಹಠಾತ್ತಾಗಿ ಉಸಿರು ಕಟ್ಟಿದರೆ, ಎದೆ ನೋವಾದರೆ ಕ್ಷಣವೂ ತಡವಿಲ್ಲ. ಹೊರಗಿನ ಭಾಗ ಮೊದಲಿಗಿಂತ ಉದ್ದವಾಗಿ ಕಂಡರೆ ನಳಿಕೆ ಸರಿದಿದೆ. ಒಳಗೆ ತಳ್ಳದೆ, ಪಟ್ಟಿ ಸುತ್ತಿ ಆಸ್ಪತ್ರೆಗೆ ಹೋಗಬೇಕು. ನಳಿಕೆ ಹರಿದರೆ, ಹರಿದ ಜಾಗಕ್ಕೂ ಮೈಗೂ ನಡುವೆ ಮಡಿಸಿ ಬಿಗಿಯಾಗಿ ಹಿಡಿಯಬೇಕು. ಪೂರ್ತಿ ಹೊರಬಂದರೆ ಶುದ್ಧವಾದ ಅರಿವೆಯಿಂದ ಆ ಜಾಗವನ್ನು ಒತ್ತಿ ಹಿಡಿದು, ಹೊರಬಿದ್ದ ನಳಿಕೆಯನ್ನೂ ಜೊತೆಗೆ ಒಯ್ಯಬೇಕು. ತುಂಡು ಒಳಗುಳಿದಿಲ್ಲವೆಂದು ವೈದ್ಯರು ಅಳೆದು ನೋಡುವರು.

ಸಮಾಜದ ಪಾಲು

ಕರ್ಕರೋಗ ಅಂಟುಜಾಡ್ಯವಲ್ಲ. ರೋಗಿಯೊಡನೆ ಕುಳಿತು ಉಂಡರೆ, ಕೈ ಹಿಡಿದು ಮಾತನಾಡಿದರೆ ಯಾರಿಗೂ ಅದು ಬರಲಾರದು. ಔಷಧ ಪಡೆದ ಎರಡು ದಿನಗಳವರೆಗೆ ರೋಗಿಯ ಮಲಮೂತ್ರ, ವಾಂತಿಗಳನ್ನು ಕೈಗವಸು ಹಾಕಿಕೊಂಡು ತೊಳೆದು, ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯಬೇಕೆಂಬ ನಿಯಮ ಔಷಧದ ತೀಕ್ಷ್ಣತೆಯ ಕಾರಣದಿಂದ ಬಂದುದೇ ಹೊರತು ರೋಗದ ಮೈಲಿಗೆಯಿಂದಲ್ಲ. ಈ ಭೇದವನ್ನು ನೆರೆಹೊರೆಗೆ ತಿಳಿಹೇಳುವುದು ಓದಿದವರ ಮೊದಲ ಸೇವೆ.

ಮಕ್ಕಳಿಗೂ ಈ ರೋಗ ಬರುವುದುಂಟು. ರಕ್ತದ ಕರ್ಕರೋಗದಿಂದ ಚಿಕಿತ್ಸೆ ಪಡೆದು ಗುಣವಾಗಿ ಬಾಳುವ ಮಕ್ಕಳು ಇಂದು ಬಹಳ. ತೋಳಿನಲ್ಲಿ ನಳಿಕೆಯುಳ್ಳ ವಿದ್ಯಾರ್ಥಿ ವೈದ್ಯರ ಅನುಮತಿಯೊಡನೆ ಶಾಲೆಗೆ ಮರಳಿದಾಗ ಗುರುಗಳು ಮಾಡಬೇಕಾದುದು ಸ್ವಲ್ಪವೇ: ಗೋಡೆಯ ಮಗ್ಗುಲಿಗೆ ನಳಿಕೆಯ ತೋಳು ಬರುವಂತೆ ಕೂರಿಸುವುದು, ಕಬಡ್ಡಿ, ಮಲ್ಲಕಂಬದಂತಹ ಆಟಗಳಿಂದ ಬಿಡಿಸಿ, ಅಂಕ ಬರೆಯುವ ಕೆಲಸವನ್ನಾದರೂ ಕೊಟ್ಟು ಮೈದಾನದಲ್ಲಿಯೇ ಇರಿಸಿಕೊಳ್ಳುವುದು, ತಲೆಗೂದಲು ಉದುರಿದುದನ್ನು ಕಂಡು ನಗದಂತೆ ಸಹಪಾಠಿಗಳಿಗೆ ಮೊದಲೇ ಹೇಳುವುದು, ತರಗತಿಯಲ್ಲಿ ಗಣಜಿಲೆ, ದಡಾರ ಕಂಡರೆ ಆ ದಿನವೇ ಪಾಲಕರಿಗೆ ತಿಳಿಸುವುದು. ಹಾಜರಿಯ ಕೊರತೆಯನ್ನು ಪಾಠದ ಟಿಪ್ಪಣಿಗಳಿಂದ ತುಂಬಬಹುದು. 'ಈ ಮಗು ನಮ್ಮದು' ಎಂಬ ಭಾವದ ಕೊರತೆಯನ್ನು ಬೇರೆ ಯಾವುದೂ ತುಂಬಲಾರದು.

ಸರಕಾರದ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಗಿ, ಅರ್ಹ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಆಧಾರ ದೊರೆಯಿತು. ಆದರೆ ಆಸ್ಪತ್ರೆಯ ಹೊರಗೂ ವೆಚ್ಚಗಳುಂಟು. ವಾರಕ್ಕೊಮ್ಮೆ ಪಟ್ಟಿ ಬದಲಿಸಲೆಂದೇ ಹುಬ್ಬಳ್ಳಿಗೆ ಇಬ್ಬರು ಹೋಗಿಬರುವ ಬಸ್ಸಿನ ಖರ್ಚು, ತಪ್ಪಿಹೋದ ಎರಡು ದಿನಗೂಲಿ, ಶುದ್ಧವಾದ ಪಟ್ಟಿ ಮತ್ತು ಸಿರಿಂಜುಗಳ ಬೆಲೆ ಯಾವ ಲೆಕ್ಕದಲ್ಲಿಯೂ ಕಾಣವು. ಈ ಖರ್ಚಿಗಂಜಿ ಪಟ್ಟಿಯನ್ನು ಎರಡು ವಾರ ಬಿಟ್ಟವರ ನಳಿಕೆಯೇ ಸೋಂಕಿಗೆ ತುತ್ತಾಗುವುದು. ನಾಲ್ಕೂ ತಾಲೂಕುಗಳಲ್ಲಿ ಆಸ್ಪತ್ರೆಯಿಂದ ತರಬೇತಿ ಪಡೆದ ಒಬ್ಬೊಬ್ಬ ದಾದಿ, ಆಕೆಗೊಂದು ಶುಚಿಯಾದ ಕೋಣೆ, ಮೇಜು, ಸಾಮಗ್ರಿಯ ಕಪಾಟು ಇದ್ದರೆ ಹಿರೇಕೆರೂರಿನ ರೋಗಿ ಪಟ್ಟಿಗಾಗಿ ಹುಬ್ಬಳ್ಳಿಗೆ ಅಲೆಯಬೇಕಾದುದಿಲ್ಲ. ರಾತ್ರಿ ಕರೆದರೆ ಬರುವ ಒಂದು ವಾಹನದ ಹೆಸರು, ಫೋನ್ ನಂಬರು ಪ್ರತಿ ಊರಿನ ಮಠದ ಬಾಗಿಲಲ್ಲಿ ಬರೆದಿದ್ದರೆ ಎಷ್ಟೋ ಮನೆಗಳ ಆತಂಕ ತಗ್ಗುತ್ತದೆ.

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದಾಗ ಸಮಾಜದ ಅಂದಿನ ಕೊರತೆ ಯಾವುದೆಂದು ನೋಡಿ ಕಟ್ಟಿದರು. ಅವರ ಹೆಸರಿನ ನೆಲದಲ್ಲಿ ಇಂದಿನ ಕೊರತೆಯನ್ನೂ ಹಾಗೆಯೇ ನೋಡಬೇಕಾಗಿದೆ. ಈ ಶಾಲೆಗಳಲ್ಲಿ ಓದಿ ವೈದ್ಯರಾದವರು, ದಾದಿಯರಾದವರು, ಔಷಧದ ಅಂಗಡಿಯಿಟ್ಟವರು, ವಾಹನದ ಒಡೆಯರಾದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ದಾಸೋಹವೆಂದರೆ ಹಸಿದವನಿಗೆ ಅನ್ನವಿಕ್ಕುವುದು. ರಾತ್ರಿ ಚಳಿಜ್ವರದಿಂದ ನಡುಗುವವನಿಗೆ ವಾಹನ ಕಳಿಸುವುದೂ ಅದೇ.

ಚಿಕಿತ್ಸೆ ಮುಗಿದ ದಿನ ದಾದಿಯು ಪಟ್ಟಿ ಬಿಚ್ಚಿ ನಳಿಕೆಯನ್ನು ಮೆಲ್ಲನೆ ಎಳೆದು ತೆಗೆಯುತ್ತಾಳೆ. ಅದು ಕೆಲವೇ ನಿಮಿಷಗಳ ಕೆಲಸ. ಸಾಮಾನ್ಯವಾಗಿ ನೋವೂ ಇರದು. ಆ ದಿನದವರೆಗೆ ಆ ತೋಳನ್ನು ಕಾಯುವುದು ರೋಗಿಯೊಬ್ಬನಿಂದ ಆಗುವ ಕೆಲಸವಲ್ಲ. ಅದು ಮನೆಯದು, ಓಣಿಯದು, ಊರಿನದು.